ಶೀಶೆಯೊಳಗಿನ ಎರಡು ಚಿಪ್ಪು

ದಾಕ್ಷಾಯಿಣಿ ಗೋವಾದ ಪ್ರಯೋಗಾಲಯವೊಂದರಲ್ಲಿ ಕಡಲತಳದ ಕೆಸರಿನಿಂದ ಸಾಸಿವೆಗಿಂತ ಸಣ್ಣ ಚಿಪ್ಪುಗಳನ್ನು ಆರಿಸುತ್ತಿದ್ದಳು. ಅವುಗಳಲ್ಲಿನ ಹಗುರ ಇಂಗಾಲ, ಭಾರದ ಇಂಗಾಲಗಳ ಪಾಲು ಅಳೆದರೆ, ಸಾವಿರಾರು ವರ್ಷಗಳ ಹಿಂದೆ ಆಳದ ನೀರು ಹೇಗೆ ಹರಿಯುತ್ತಿತ್ತೆಂದು ತಿಳಿಯುತ್ತದೆ. ರಜೆಗೆ ತನ್ನೂರು ಕುಲಗೋಡಕ್ಕೆ ಬಂದ ಮೇಲೆ ಅವಳಿಗೆ ಅನುಮಾನ ಹತ್ತಿತು. ತಳದಲ್ಲಿ ಬಾಳಿದ ಜೀವಿಗಳ ಚಿಪ್ಪಿನ ಶೀಶೆಗೆ, ಮೇಲೆ ತೇಲುತ್ತಿದ್ದವುಗಳ ಎರಡು ಚಿಪ್ಪು ಹಾಕಿಬಿಟ್ಟೆನೇನೋ? ಹಾಗಿದ್ದರೆ ಅಳತೆಯೇ ತಪ್ಪಾದೀತು; ಹೇಳಿದರೆ ಕೆಲಸ ಹೋದೀತೆಂಬ ಭಯ.

ಊಟ ಮುಟ್ಟದ ಮೊಮ್ಮಗಳಿಂದ ಅಜ್ಜಿ ಗೌರವ್ವ ಎಲ್ಲವನ್ನೂ ಕೇಳಿ ತಿಳಿದಳು. ಅವಳ ಮುಂದಿನ ಮೊರದಲ್ಲಿ ಬಿತ್ತನೆಯ ಜೋಳವಿತ್ತು.

“ಬೀಜದಾಗ ಬ್ಯಾರೆ ಕಾಳು ಕೂಡಿದ್ರ ಬಿತ್ತೂಕಿಂತ ಮೊದ್ಲ ಹೇಳಬೇಕವ್ವಾ. ಮಣ್ಣಿಗೆ ಬಿದ್ದಮ್ಯಾಲೆ ಯಾರ ಆರಸ್ತಾರ?”

“ಖರೇನ ಕೂಡ್ಯಾವೋ ಇಲ್ಲೋ, ಅದ ಗೊತ್ತಿಲ್ಲ ಆಯಿ.”

“ಗೊತ್ತಿಲ್ಲಂತನ ಹೇಳು. ದಿನಾ ಊರೆಲ್ಲಾ ಕೇಳೂವಂಗ ಮಾತಾಡಾಕಿ, ಈಗೇನ ಬಾಯಾಗ ಹಿಟ್ಟ ಇಟ್ಕೊಂಡಿ?”

ದಾಕ್ಷಾಯಿಣಿ ಪ್ರಯೋಗಾಲಯದ ಮೇಡಂಗೆ ಫೋನು ಹಚ್ಚಿದಳು. ಗೌರವ್ವ ಅವಳ ಇನ್ನೊಂದು ಕೈ ಹಿಡಿದು ಕುಳಿತಳು.

ಎಲ್ಲವನ್ನೂ ಕೇಳಿದ ಮೇಡಂ, “ಸೋಮವಾರ ಅಳೆಯೋಕೆ ಅವನ್ನ ಆಮ್ಲದಲ್ಲಿ ಕರಗಿಸೋರಿದ್ವಿ. ಶೀಶೆ ತೆಗೆದಿಡ್ತೀನಿ. ಬಂದು ನೀನೇ ಇನ್ನೊಮ್ಮೆ ಆರಿಸು,” ಅಂದರು.

ದಾಕ್ಷಾಯಿಣಿಯ ಕಣ್ಣು ತುಂಬಿತು.

“ಬೈದ್ರೇನ?” ಗೌರವ್ವ ಕೇಳಿದಳು.

“ಇಲ್ಲ ಆಯಿ. ನೀನ ಬಂದು ಆರಸು ಅಂದ್ರು.”