ಮೊದಲ ಹೆಂಟೆ

ತಂಗಿ ಬರುತ್ತಾಳೆಂಬ ಸುದ್ದಿ ಬೀರಮ್ಮನಿಗೆ ತಂಗಿಯಿಂದ ತಿಳಿಯಲಿಲ್ಲ, ಪಕ್ಕದ ಮನೆಯ ಹೆಲನ್ ಬಾಯಿಂದ ತಿಳಿಯಿತು. ಅದೇ ಮೊದಲ ಕಿಡಿ.

"ರೀ ಬೀರಮ್ಮ, ಪೇಪರ್ ನೋಡಿದ್ರಾ? ನಿಮ್ಮ ಸೋಮಿ ಫೋಟೋ ಬಂದಿದೆ ಕಣ್ರೀ! ಸರಸ್ವತಿಪುರಂನಲ್ಲಿ ಭಾಷಣವಂತೆ. ಒಂದು ಮಾತಾದ್ರೂ ಹೇಳಬಾರದಾ ನೀವು?"

"ಹೇಳೋದೇನು ಬುಡಿ. ಅವಳು ತೊಟ್ಟಿಲಲ್ಲಿದ್ದಾಗಿಂದ ಭಾಷಣ ಮಾಡ್ತಾನೇ ಇದಾಳೆ," ಎಂದು ಬೀರಮ್ಮ ಒಣಗಿದ ಬಟ್ಟೆಗಳನ್ನು ತಂತಿಯಿಂದ ಎಳೆದುಕೊಂಡಳು. ಒಂದು ರವಿಕೆಯ ಹೊಲಿಗೆ ಪರ್ರೆಂದಿತು.

ಅವಳ ತವರು ಇರುವುದು ಅಘನಾಶಿನಿ ನದಿ ಕಡಲು ಸೇರುವ ಕಡೆ. ಉಬ್ಬರದ ಉಪ್ಪುನೀರು ಬಂದು ಹೋಗುವ ಅಲ್ಲಿಯ ಬಯಲಿಗೆ ಗಜನಿ ಎನ್ನುತ್ತಾರೆ. ಹಾಲಕ್ಕಿ ಒಕ್ಕಲಿನ ಅವರ ಜನ ಆ ಬಯಲಿಗೆ ಮಣ್ಣಿನ ಒಡ್ಡು ಹಾಕಿ, ಉಪ್ಪಿಗೆ ಜಗ್ಗದ ಕಗ್ಗ ಭತ್ತ ಬೆಳೆದು, ಕೊಯ್ಲು ಮುಗಿದ ಮೇಲೆ ಒಡ್ಡಿನ ಬಾಗಿಲು ತೆಗೆದು ಮೀನು ಸಿಗಡಿಗಳನ್ನು ಒಳಗೆ ಕರೆದುಕೊಳ್ಳುವವರು. ಯಾವ ತಿಂಗಳು ಚಿಪ್ಪು ಆರಿಸಬಾರದು, ದಡದ ಉಪ್ಪುನೀರಲ್ಲೇ ಬೇರೂರಿ ಮಣ್ಣು ಹಿಡಿಯುವ ಯಾವ ಕಾಂಡ್ಲಾ ಗಿಡಕ್ಕೆ ಕತ್ತಿ ತಾಗಬಾರದು, ಎಲ್ಲವನ್ನೂ ಜಟಗ ದೇವರ ಕಲ್ಲಿನ ಮುಂದೆ ಕೂತು ಊರವರೇ ತೀರ್ಮಾನಿಸುತ್ತಿದ್ದರು. ನಡುವೆ ಸಿಗಡಿ ಹೊಂಡದ ವ್ಯಾಪಾರಿಗಳು ಬಂದು ಒಡ್ಡು ಒಡೆದರು, ಬಯಲೆಲ್ಲ ಉಪ್ಪಾಯಿತು. ಆ ವರ್ಷವೇ ಬೀರಮ್ಮ, ರಸ್ತೆ ಕೆಲಸಕ್ಕೆ ಬಂದಿದ್ದ ಶಿವಪ್ರಕಾಶನ ಕೈಹಿಡಿದು ಮೈಸೂರಿನ ಒಂಟಿಕೊಪ್ಪಲಿಗೆ ಬಂದಳು. ಸೋಮಿ ಅಲ್ಲೇ ಉಳಿದಳು. ಅವ್ವನ ಜೊತೆ, ಊರ ಹೆಂಗಸರ ಜೊತೆ ಮೊಣಕಾಲು ಕೆಸರಲ್ಲಿ ನಿಂತು ಒಡ್ಡನ್ನು ಮತ್ತೆ ಎತ್ತಿದಳು. ಈಗ ಆ ನೆಲಕ್ಕೂ ನೀರಿಗೂ ಊರವರದ್ದೇ ಕಟ್ಟಳೆ ಎಂದು ಪಂಚಾಯ್ತಿಯವರೂ ಒಪ್ಪಿದ್ದರು. ಪೇಪರಿನಲ್ಲಿ ಬಂದದ್ದು ಅದು.

ಒಳ್ಳೆಯದೇ ಆಯಿತಲ್ಲ? ಆಯಿತು. ಊರಿಗೆ ಊರೇ ಸಂತೋಷಪಟ್ಟಿತು. ಹಿರಿಯಳ ಎದೆಯಲ್ಲಿ ಮಾತ್ರ ಒದ್ದೆ ಸೌದೆಗೆ ಬೆಂಕಿ ಹತ್ತಿದ ಹಾಗೆ ಬರೀ ಹೊಗೆ.

ಸೋಮಿ ಬಂದಳು. ಕೊರಳ ತುಂಬ ಕರಿಮಣಿ, ಹಳದಿಮಣಿಯ ಸರಗಳು. ಹಿಂದೆ ಬಾಡಿಗೆ ಮನೆಯೊಡತಿ ಏನೋ ಅಂದಳೆಂದು ಬೀರಮ್ಮ ತನ್ನವನ್ನು ಬಿಚ್ಚಿಟ್ಟಿದ್ದಳು. ಅಂಥವೇ ಸರಗಳನ್ನು ಬೀದಿಯ ಹೆಂಗಸರು ಈಗ ಗೇಟಿನ ಹತ್ತಿರ ನಿಂತು "ಎಷ್ಟು ಚೆಂದ!" ಎಂದು ಮುಟ್ಟಿ ನೋಡುತ್ತಿದ್ದರು.

ಕಾಫಿ ಕುಡಿದು ಸೋಮಿ ಚೀಲದಿಂದ ಒಂದು ಟಿಫನ್ ಡಬ್ಬಿ ತೆಗೆದಳು. ಒಳಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕಪ್ಪು ಮಣ್ಣು.

"ಒಡ್ಡಿನ ಮಣ್ಣು ಅಕ್ಕ. ಅವ್ವ ಹೋದ್ಮೇಲೆ ಇದೇ ಮೊದಲ ಮಳೆಗಾಲ. ಎಂತ ಮಾಡೂದು ಹೇಳು."

ಬೀರಮ್ಮನಿಗೆ ಹೇಳಿಕೊಡಬೇಕಾಗಿರಲಿಲ್ಲ. ಮಳೆಗೆ ಮುಂಚೆ ಒಡ್ಡು ತಿದ್ದುವಾಗ ಮೊದಲ ಹೆಂಟೆ ಇಡುವವಳು ಅವರ ಮನೆಯ ಹಿರಿಯ ಹೆಣ್ಣು. ಅವಳು ದೂರ ಇದ್ದರೆ ಒಡ್ಡಿನ ಹಸಿ ಮಣ್ಣನ್ನು ತನ್ನ ಕೈಯಿಂದ ಇನ್ನೊಬ್ಬಳ ಅಂಗೈಗೆ ಒತ್ತಿ "ಇನ್ನು ನಿಂದು" ಅನ್ನಬೇಕು. ಮಣ್ಣು ಇಬ್ಬರ ಕೈಗೂ ಅಂಟಬೇಕು. ಅಲ್ಲಿಯವರೆಗೆ ಊರಲ್ಲಿ ಯಾರೂ ಹಾರೆ ಎತ್ತುವುದಿಲ್ಲ. ಒಡ್ಡು ತಿದ್ದದೆ ಮಳೆ ಹಿಡಿಯಿತೋ, ಊರಿನ ಅಷ್ಟೂ ಗದ್ದೆ ಕಡಲಿನ ಪಾಲು.

"ನಾನೇ ಬಂದಿಟ್ರೆ?" ಎಂದಳು ಬೀರಮ್ಮ.

"ಬಾ. ಆದ್ರೆ ಇಟ್ಟವಳು ಮಳೆಗಾಲ ಪೂರ್ತಿ ಒಡ್ಡು ಕಾಯೂಕೆ ಬೇಕು. ಉಬ್ಬರ ಬಂದಾಗೆಲ್ಲ ಓಡ್ಬೇಕು. ಆಗ್ತದ್ಯೆ?"

"ಮಂಡಿನೋವಿಗೆ ಮಾಳಿಗೆ ಮೆಟ್ಲೇ ಹತ್ತೋಕಾಗಲ್ಲ ಇವಳಿಗೆ," ಎಂದ ಶಿವಪ್ರಕಾಶ್, ಪೇಪರಿನ ಮರೆಯಿಂದ.

"ನಿಮ್ಮನ್ನ ಯಾರು ಕೇಳಿದ್ರು?" ಎಂದು ಗದರಿ ಬೀರಮ್ಮ ತಂಗಿಯ ಕಡೆ ತಿರುಗಿದಳು. "ನಾಳೆ ನೋಡೋಣ."

ಮರುದಿನ ಭಾಷಣಕ್ಕೆ ಹೊರಡುವ ಮುಂಚೆ ಬೀರಮ್ಮ ಡಬ್ಬಿಯನ್ನು ಹಿತ್ತಿಲಿಗೆ ಒಯ್ದು ಮುಚ್ಚಳ ತೆಗೆದಳು. ಬಟ್ಟೆ ಬಿಡಿಸಿ ಮೂಸಿದಳು. ಕೊಳೆತ ಎಲೆ, ಮೀನು, ಉಪ್ಪು, ಅವ್ವನ ಸೆರಗು. ಸೋಮಿ "ಹೊತ್ತಾಯ್ತು ಅಕ್ಕ" ಎಂದು ಕೂಗಿದಳು. ಬೀರಮ್ಮ ಬಟ್ಟೆ ಸುತ್ತಲಿಲ್ಲ, ಮುಚ್ಚಳ ಹಾಕಲಿಲ್ಲ. ಡಬ್ಬಿಯನ್ನು ಒಗೆಯುವ ಕಲ್ಲಿನ ಮೇಲೆ ಹಾಗೇ ಬಿಟ್ಟು ಹೊರಟಳು. ಮರೆತಳೆಂದರೆ ಸುಳ್ಳಾಗುತ್ತದೆ, ಬೇಕೆಂದೇ ಬಿಟ್ಟಳೆಂದರೂ ಪೂರ್ತಿ ನಿಜವಲ್ಲ. ಮನಸ್ಸು ಹಾಗೆ ಒಮ್ಮೊಮ್ಮೆ ಕೈಗೆ ಕೆಲಸ ವಹಿಸಿ ತಾನು ಆಚೆ ನೋಡುತ್ತಿರುತ್ತದೆ.

ಹಾಲ್ ತುಂಬಿತ್ತು. ಸೋಮಿ ಮೈಕಿನಿಂದ ಒಂದು ಮಾರು ದೂರ ನಿಂತೇ ಮಾತಾಡಿದಳು, ಆದರೂ ಕೇಳಿಸಿತು. ಕೊನೆಗೆ ಲಹರಿ ಎಂಬ ಕಾಲೇಜು ಹುಡುಗಿ ಎದ್ದು, "ಮೇಡಂ, ಒಡ್ಡಿನ ಯಜಮಾನಿಕೆ ನಿಮಗೆ ಕೊಟ್ಟವರು ಯಾರು?" ಎಂದು ಕೇಳಿದಳು.

"ನನಗೆ ಯಾರೂ ಕೊಡ್ಲಿಲ್ಲ ಮಗಾ. ಒಡ್ಡು ನಮ್ಮಕ್ಕಂದು. ಅಗಾ, ನೀಲಿ ಸೀರೆ ಉಟ್ಕಂಡು ಕೂತಿದಾಳಲ್ಲ, ಅವಳೇ."

ತಲೆಗಳೆಲ್ಲ ತಿರುಗಿದವು. ಚಪ್ಪಾಳೆ ಬಿತ್ತು. ಪಕ್ಕದಲ್ಲಿ ಕೂತಿದ್ದ ಹೆಲನ್ ಕಣ್ಣೊರೆಸಿಕೊಂಡಳು. ಬೀರಮ್ಮ ಕೈಮುಗಿದಳು, ನಕ್ಕಳು. ಒಳಗೆ ಹೊಗೆಯಾಡುತ್ತಿದ್ದುದು ಆಗ ಧಗ್ ಎಂದಿತು. ತನಗೆ ಬಿದ್ದ ಚಪ್ಪಾಳೆಯೂ ಸೋಮಿ ಎತ್ತಿಕೊಟ್ಟದ್ದೇ! ಒಂದು ಸಲವಾದರೂ ಇವಳು ಸಣ್ಣವಳಾಗಬಾರದೇ?

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದ ಸೋಮಿ ಕಲ್ಲಿನ ಮುಂದೆ ನಿಂತುಬಿಟ್ಟಳು. ಡಬ್ಬಿಯ ಮಣ್ಣು ಒಣಗಿ ಬೆಳ್ಳಗಾಗಿ ಬಿರಿದಿತ್ತು. ಅಂಟುವ ಮಾತೇ ಇಲ್ಲ.

"ನೀ ಇಟ್ಟದ್ದಾ?"

"ಹೂಂ."

ಸೋಮಿ ಬೈಯಲಿಲ್ಲ, ಕಲ್ಲಿನ ಅಂಚಿನ ಮೇಲೆ ಕೂತಳು. ಅದನ್ನು ಬೀರಮ್ಮನಿಂದ ಸಹಿಸಲಾಗಲಿಲ್ಲ.

"ಹೊಟ್ಟೆಉರಿ ಕಣೆ ನಂಗೆ! ಹುಟ್ಟಿದ್ದು ನಾನು ಮೊದಲು. ಒಡ್ಡಿನ ಮೇಲೆ ನಡೆಯೋದು ನಿಂಗೆ ಕಲಿಸಿದ್ದು ನಾನು. ಈಗ ಊರು ನಿಂದು, ಅವ್ವನ ಕೊನೆಗಾಲ ನಿಂದು, ಪೇಪರೂ ನಿಂದು. ಇದೊಂದು ಹಿಡಿ ಮಣ್ಣೂ ಕೊಟ್ಬುಟ್ರೆ ನಂಗೇನೇ ಉಳೀತು?"

"ಉರ್ಕೋ," ಎಂದಳು ಸೋಮಿ. "ಆದ್ರೆ ಮಳೆಗೆ ನಿನ್ನ ಉರಿ ಗೊತ್ತಾಗೂದಿಲ್ಲ. ಅದು ಬರ್ತದೆ."

ಬೀರಮ್ಮ ಒಳಗೆ ಹೋಗಿ ಚೊಂಬು ನೀರು, ಕಲ್ಲುಪ್ಪಿನ ಭರಣಿ ತಂದಳು. ಬರೀ ನಲ್ಲಿ ನೀರು ಹಾಕಿದರೆ ಒಡ್ಡಿನ ಮಣ್ಣು ಒಡ್ಡಿನದಾಗಿ ಉಳಿಯುವುದೇ? ಹೊಳೆಯ ಉಪ್ಪು ಬೇಕು. ಒಂದು ಹಿಡಿ ಹಾಕಿ, ಕಲಕಿ, ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಇನ್ನಷ್ಟು ಹಾಕಿದಳು. ಮತ್ತೂ ಹಾಕಿದಳು.

"ಹೂಂ. ಇದೇ ನಮ್ಮ ಒಡ್ಡಿನ ನೀರು."

ಸೋಮಿ ನೆಕ್ಕಿ ಮುಖ ಕಿವುಚಿದಳು. "ಥೂ! ಉಪ್ಪಿನಕಾಯಿ ಹಾಕ್ತ್ಯೆ?"

"ನಾಲಿಗೆ ಕೆಟ್ಟಿದೆ ನಿಂಗೆ. ಇದೇ ರುಚಿ. ಹೊರಡೋ ದಿನ ಒಡ್ಡಿನ ಒಳಗಿನ ಗದ್ದೆ ನೀರು ಕುಡಿದೇ ಬಂದಿದ್ದೆ ನಾನು."

"ಅದು ಒಡ್ಡು ಒಡೆದ ವರ್ಷದ ನೀರು ಅಕ್ಕ," ಎಂದಳು ಸೋಮಿ ಮೆಲ್ಲಗೆ. "ಈಗ ಒಳಗೆ ಅಷ್ಟು ಉಪ್ಪಿಲ್ಲ. ನಾವು ಕಟ್ಟಿದ್ವಲ್ಲ."

ಬೀರಮ್ಮನ ಕೈ ಚೊಂಬಿನ ಮೇಲೇ ನಿಂತಿತು. ಇಷ್ಟು ವರ್ಷ ನಾಲಿಗೆಯಲ್ಲಿ ಜೋಪಾನ ಮಾಡಿಕೊಂಡು ಬಂದದ್ದು ಒಡೆದ ಒಡ್ಡನ್ನು. ಅದಕ್ಕೆ ತಾನು ಹಕ್ಕುದಾರಳು, ಅನುಮಾನವಿಲ್ಲ. ಆದರೆ ಈಗ ಅಲ್ಲಿ ನಿಂತಿರುವ ಒಡ್ಡಿನ ರುಚಿಯೇ ತನಗೆ ಗೊತ್ತಿಲ್ಲ.

ಚೊಂಬನ್ನು ತಂಗಿಯ ಮುಂದೆ ತಳ್ಳಿದಳು. "ನೀನೇ ಹದ ಮಾಡು."

ಸೋಮಿ ಅರ್ಧ ಚೆಲ್ಲಿ, ನಲ್ಲಿ ನೀರು ಬೆರೆಸಿ, ರುಚಿ ನೋಡಿ ಮಣ್ಣಿಗೆ ಹನಿಸಿದಳು. ಮಣ್ಣು ನಿಧಾನವಾಗಿ ಕಪ್ಪಾಯಿತು. ಬೀರಮ್ಮ ಅದನ್ನು ನಾದಿ, ಹೆಂಟೆ ಮಾಡಿ, ತಂಗಿಯ ಅಂಗೈಗೆ ಒತ್ತಿದಳು. ಬೇಕಾದ್ದಕ್ಕಿಂತ ಜೋರಾಗಿಯೇ ಒತ್ತಿದಳು.

"ಇನ್ನು ನಿಂದು. ಉರಿ ಮಾತ್ರ ಹೋಗಿಲ್ಲ, ತಿಳ್ಕೋ."

"ಅದನ್ನ ನೀನೇ ಇಟ್ಕೋ. ನಂಗೆ ಒಡ್ಡೇ ಸಾಕು."

ಗೋಡೆಯಾಚೆಯಿಂದ ಹೆಲನ್ ಇಣುಕಿದಳು. "ಏನ್ರೀ, ಅಕ್ಕತಂಗಿ ಮಣ್ಣಲ್ಲಿ ಆಟ ಆಡ್ತಿದೀರಾ?"

"ಆಸ್ತಿ ಭಾಗ ಮಾಡ್ಕೊಂಡ್ವಿ ಕಣ್ರೀ," ಎಂದಳು ಬೀರಮ್ಮ.

ಸೋಮಿ ಬಸ್ಸು ಹತ್ತಿದ ಮೇಲೆ ಬೀರಮ್ಮ ದೇವರ ಗೂಡಿನ ಮುಂದೆ ದೀಪ ಹಚ್ಚಿದಳು. ಜಟಗನಿಗೆ ಮೈಸೂರಿನಲ್ಲಿ ಕಲ್ಲಿಲ್ಲ. ಕಣ್ಣು ಮುಚ್ಚಿದರೆ ಬರುತ್ತಾನೆ. "ಸ್ವಾಮಿ, ನನ್ನ ಒಡ್ಡು..." ಎಂದು ನಿಲ್ಲಿಸಿದಳು. "ನಮ್ಮ ಒಡ್ಡು..." ಅದನ್ನೂ ಅಲ್ಲಿಗೇ ಬಿಟ್ಟಳು. ದೀಪದ ಬತ್ತಿ ಸರಿಮಾಡಿದಳು. ದೇವರು ಅವಸರ ಮಾಡಲಿಲ್ಲ.

"ಸೋಮಿಯ ಒಡ್ಡು ಕಾಯಪ್ಪ," ಎಂದಳು ಕೊನೆಗೆ. ಸಿಟ್ಟಿನಲ್ಲೇ ಎಂದಳು, ಆದರೂ ಅಂದಳು.