ಪ್ರಾರ್ಥನೆಗೆ ಸಿಕ್ಕ ಓರಗಿತ್ತಿ

ದೊಡ್ಡವಳಿಗೆ ತಿರುಗಿ ನೋಡದೆಯೇ ಗೊತ್ತಾಯಿತು, ಚಿಕ್ಕವಳು ಮತ್ತೆ ತನ್ನ ಕೈಯನ್ನೇ ನೋಡುತ್ತಿದ್ದಾಳೆ ಎಂದು. ಇಬ್ಬರೂ ಓರಗಿತ್ತಿಯರು. ಒಂದೇ ಮನೆ, ಕೆಲಸಕ್ಕೂ ಒಂದೇ ಲಾಂಡ್ರಿ, ಸಾಲದ್ದಕ್ಕೆ ಒಂದೇ ಚರ್ಚು. ಒಬ್ಬರಿಂದೊಬ್ಬರು ತಪ್ಪಿಸಿಕೊಳ್ಳಲು ದೇವರು ಒಂದು ಮೂಲೆಯನ್ನಾದರೂ ಬಿಡಬಾರದಿತ್ತೇ!

"ಅಕ್ಕಾ, ಕೈ ಹೇಗಿದೆ?"

"ಮಣಿಕಟ್ಟಿನ ತುದಿಯಲ್ಲೇ ಇದೆ. ನಿನ್ನ ಕೆಲಸ ನೋಡ್ಕೋ."

ಕೈ ನಡುಗುತ್ತಿದ್ದದ್ದು ನಿಜ. ನಿದ್ದೆಗೆಟ್ಟು, ತಲೆ ಸಿಡಿದು, ಇತ್ತೀಚೆಗೆ ಅವಳು ಇಸ್ತ್ರಿ ಟೇಬಲ್ಲಿನ ಮೇಲೆ ಎರಡು ಕಾಲರು ಸುಟ್ಟಿದ್ದಳು. ಇನ್ನೊಂದು ಸುಟ್ಟರೆ ಟೇಬಲ್ ಬಿಟ್ಟು ಬಟ್ಟೆ ಮಡಿಚುವ ಕೋಣೆಗೆ ನಡಿ ಎಂದು ಲಾಂಡ್ರಿಯ ಯಜಮಾನ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ವರ್ಷಗಟ್ಟಲೆ ಆವಿಯಲ್ಲಿ ಬೆಂದು ಸಂಪಾದಿಸಿದ ಜಾಗ ಅದು. ಈಗ ಮಡಿಚುವ ಕೋಣೆಯಲ್ಲಿರುವವಳು ಯಾರು? ಚಿಕ್ಕವಳು. ಟೇಬಲ್ ಖಾಲಿಯಾದರೆ ಬಂದು ನಿಲ್ಲುವವಳು ಯಾರು? ಇದಕ್ಕೆ ಪತ್ತೇದಾರರು ಬೇರೆ ಬೇಕೇ?

ಚರ್ಚಿನಲ್ಲಿ ಪಾಸ್ಟರಮ್ಮ ಒಂದು ಪದ್ಧತಿ ಇಟ್ಟುಕೊಂಡಿದ್ದರು. ತಿಂಗಳ ಮೊದಲ ಭಾನುವಾರ ಒಬ್ಬೊಬ್ಬರ ಕಿವಿಯಲ್ಲೂ ಒಂದೊಂದು ಹೆಸರು ಉಸುರುವರು. ತಿಂಗಳಿಡೀ ಆ ವ್ಯಕ್ತಿಗಾಗಿ ಗುಟ್ಟಾಗಿ ಪ್ರಾರ್ಥಿಸಬೇಕು. "ಅವರ ಕಷ್ಟ ಗಮನಿಸಿ. ಮೊದಲು ನಿಮ್ಮ ಮನಸ್ಸು ಹೊಸದಾಗುತ್ತೆ, ಆಮೇಲೆ ಭಾರ ತಾನಾಗೇ ಇಳಿಯುತ್ತೆ" ಎಂದಿದ್ದರು. ದೊಡ್ಡವಳ ಕಿವಿಗೆ ಬಿದ್ದದ್ದು ಚಿಕ್ಕವಳ ಹೆಸರು. ಈ ಮಹಾತಾಯಿ 'ಗಮನಿಸಿ' ಎಂಬುದನ್ನಷ್ಟೇ ಗಟ್ಟಿಯಾಗಿ ಹಿಡಿದುಕೊಂಡಳು. ಪ್ರಾರ್ಥನೆಯನ್ನು ಒಂದು ದಿನವೂ ಮಾಡಲಿಲ್ಲ, ಕಾವಲನ್ನು ಒಂದು ದಿನವೂ ತಪ್ಪಿಸಲಿಲ್ಲ.

ಕಾವಲಿನಲ್ಲಿ ಒಂದು ಸಂಗತಿ ಸಿಕ್ಕಿತ್ತು. ಊಟದ ಗಂಟೆ ಹೊಡೆದ ಕೂಡಲೇ ಚಿಕ್ಕವಳು ಬಟ್ಟೆ ಒಣಗಿಸುವ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಯಜಮಾನನಿಗೆ ಫೋನು, ಮತ್ತಿನ್ನೇನು! ಇವತ್ತು ಹಿಡಿದೇ ಬಿಡಬೇಕೆಂದು ದೊಡ್ಡವಳು ಚಪ್ಪಲಿ ಬಿಟ್ಟು ಹಿಂದೆಯೇ ಹೋದಳು.

"ಇವತ್ತೂ ಕೈ ನಡುಗ್ತಾ ಇತ್ತು..." ಒಳಗಿನಿಂದ ಪಿಸುದನಿ.

ನೋಡಿದಿರಾ! ವರದಿ ಒಪ್ಪಿಸುತ್ತಿದ್ದಾಳೆ! ದೊಡ್ಡವಳು ಬಾಗಿಲಿಗೆ ಕೈ ಹಾಕಿದಳು.

"...ಕೇಳಿದ್ರೆ ಹಾವಿನ ಥರ ಬುಸುಗುಡ್ತಾಳೆ, ಕರ್ತನೇ. ಅವಳು ಕೆಮ್ಮಿದ್ರೂ ನನಗೆ ಮೈ ಉರಿಯುತ್ತೆ. ಇಂಥವಳನ್ನೇ ನನ್ನ ಪಾಲಿಗೆ ಹಾಕಬೇಕಿತ್ತಾ? ಅವಳನ್ನ ಯಾವಾಗ ಬೇಕಾದ್ರೂ ಬದಲಾಯಿಸು, ಮೊದಲು ನನ್ನ ಮನಸ್ಸು ಬದಲಾಯಿಸು. ಅವಳ ಕೈ ವಾಸಿಮಾಡು. ಆ ಟೇಬಲ್ ಅವಳಿಗೇ ಇರಲಿ."

ಸಂದಿಯಿಂದ ಇಣುಕಿದರೆ, ನೇತುಹಾಕಿದ ಹಾಸುಬಟ್ಟೆಗಳ ನಡುವೆ ಬರಿನೆಲದ ಮೇಲೆ ಮೊಣಕಾಲೂರಿದ್ದಳು ಚಿಕ್ಕವಳು. ಫೋನೂ ಇಲ್ಲ, ಗೀನೂ ಇಲ್ಲ.

ನಾಟಕವೋ? ತಾನು ಇಲ್ಲಿ ನಿಂತದ್ದು ಗೊತ್ತಾಗಿ ಹೀಗೆ ಹೇಳುತ್ತಿರಬಹುದೋ? ಹಳೇ ಅನುಮಾನ ಅಷ್ಟು ಸುಲಭವಾಗಿ ಜಾಗ ಖಾಲಿ ಮಾಡುತ್ತದೆಯೇ! ಆದರೆ ತನಗೆ ಕೇಳಿಸಲೆಂದೇ ಹೇಳುವವಳು ಹಾವು ಅನ್ನುತ್ತಿದ್ದಳೇ? ಆ ಬೈಗುಳವೇ ದೊಡ್ಡವಳನ್ನು ನಂಬಿಸಿತು. ನಾಚಿಕೆಯಿಂದ ಅವಳಿಗೆ ನಿಲ್ಲಲಾಗಲಿಲ್ಲ.

ಟೇಬಲ್ಲಿಗೆ ಮರಳಿ, ಬಿಳಿ ಅಂಗಿಯೊಂದನ್ನು ಹರಡಿ ಕಣ್ಣು ಮುಚ್ಚಿದಳು. "ಕರ್ತನೇ, ಇವಳನ್ನು... ಅಲ್ಲ, ನನ್ನನ್ನು..." ಕೈ ನಡುಗುತ್ತಲೇ ಇತ್ತು, ಎದೆಯ ಮೇಲಿನ ಕಲ್ಲು ಮಾತ್ರ ಒಂದಿಷ್ಟು ಸರಿದಂತಿತ್ತು.

"ಅಕ್ಕಾ, ಕೈ ಹೇಗಿದೆ?" ಚಿಕ್ಕವಳು ಬಂದಿದ್ದಳು.

ದೊಡ್ಡವಳು ಕೈ ಚಾಚಿದಳು. "ನಡುಗ್ತಿದೆ ಕಣೆ, ಹಿಡಿದು ನೋಡು. ಇವತ್ತು ಇಸ್ತ್ರಿ ನೀನೇ ಮಾಡು."

ಚಿಕ್ಕವಳು ಹಿಂದೆ ಸರಿದಳು. "ಯಾಕಕ್ಕಾ? ಸುಟ್ಟರೆ ನನ್ನ ತಲೆಗೆ ಕಟ್ಟೋಕಾ?"

ದೊಡ್ಡವಳಿಗೆ ನಗು, ಅಳು ಒಟ್ಟಿಗೇ ಬಂದವು. "ಈ ತಿಂಗಳು ನನ್ನ ಪಾಲಿಗೆ ಬಂದವಳು ನೀನೇ. ಪ್ರಾರ್ಥನೆ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಮಾಡಿದೆ. ಕೈ ಹಿಡಿಯೇ, ಹೆದರಬೇಡ. ಹಾವು ಇವತ್ತು ಬುಸುಗುಡಲ್ಲ."

ಚಿಕ್ಕವಳ ಮುಖ ಕೆಂಪೇರಿತು. ಆ ನಡುಗುವ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.