ಹೆಸರಿಲ್ಲದ ಹಸಿವು

ಮಳೆಗಾಲ ಇನ್ನೂ ಬೀಳ್ಕೊಂಡಿರಲಿಲ್ಲ. ದಿಗಂತದ ಅಂಚಿನಲ್ಲಿ ಸೀಸದ ಬಣ್ಣದ ಮೇಘಮಾಲೆಯೊಂದು, ಹೊತ್ತು ತಂದ ಅಶುಭವಾರ್ತೆಯನ್ನು ಹೇಳಲಾರದೆ ಬಾಗಿಲಲ್ಲೇ ತಡವರಿಸುವ ದೂತನಂತೆ, ಹಗಲಿಡೀ ಅಲುಗದೆ ನಿಂತಿತ್ತು. ಬೀಸಬೇಕಾದ ಗಾಳಿ ಬೀಸಲಿಲ್ಲ. ಸುರಿಯಬೇಕಾದ ಹನಿ ಸುರಿಯಲಿಲ್ಲ. ನದಿಯ ದಂಡೆಯ ಆ ಹಳೆಯ ಕಲ್ಲುಕಟ್ಟಡದ ಎತ್ತರದ ಕಿಟಕಿಗಳಲ್ಲಿ ಬೆಳಕು ಜ್ವರದಿಂದೆದ್ದವನ ಕಣ್ಣಿನ ಕಾಂತಿಯಂತೆ ಮಂಕಾಗಿ, ಮ್ಲಾನವಾಗಿ, ಬಂದೂ ಬಾರದಂತೆ ಹರಡಿತ್ತು... ಗೋಡೆಗಳು ಬೆವರುತ್ತಿದ್ದವು. ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿದ್ದವು. ತೇವವೆಂಬುದು ಕಣ್ಣಿಗೆ ಕಾಣದ ಕೈಯೊಂದಾಗಿ ಎಲ್ಲವನ್ನೂ ಮೆಲ್ಲಗೆ ಸವರುತ್ತ ಕೋಣೆಯಿಂದ ಕೋಣೆಗೆ ಸಂಚರಿಸುತ್ತಿತ್ತು!

ಸಹೃದಯ ಓದುಗರೇ, ಆ ಕಟ್ಟಡದ ಮೇಲಂತಸ್ತಿನ ಉದ್ದನೆಯ ಕೋಣೆಯನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಿ. ಗೋಡೆಗಳುದ್ದಕ್ಕೂ ಮರದ ಬೀರುಗಳು. ಅವುಗಳೊಳಗೆ ಗಾಜಿನ ಮುಚ್ಚಳದ ಪೆಟ್ಟಿಗೆಗಳು. ಪೆಟ್ಟಿಗೆಗಳೊಳಗೆ ಸೂಜಿಯ ಮೇಲೆ ನಿಂತು ಚಿರನಿದ್ರೆಯಲ್ಲಿರುವ ಚಿಟ್ಟೆಗಳು, ಪತಂಗಗಳು, ಕಣಜಗಳು. ಒಂದೊಂದರ ಕೆಳಗೂ ಬೆರಳ ತುದಿಯಷ್ಟು ಅಗಲದ ಚೀಟಿ. ಕೆಲವಕ್ಕೆ ಮಾತ್ರ ಕೆಂಪು ಅಂಚಿನ ಚೀಟಿ; ಅವು ಮೂಲಮಾದರಿಗಳು. ಒಂದು ಜೀವಜಾತಿಗೆ ಮೊದಲ ಬಾರಿ ಹೆಸರಿಟ್ಟಾಗ ಯಾವ ಒಂದು ದೇಹವನ್ನು ಮುಂದಿಟ್ಟುಕೊಂಡು ಇಟ್ಟರೋ ಅದೇ ಮೂಲಮಾದರಿ. ಮುಂದೆ ಲೋಕದಲ್ಲಿ ಯಾರಿಗೆ ಸಂಶಯ ಬಂದರೂ ಆ ಒಂದು ದೇಹವನ್ನೇ ನೋಡಿ ತೀರ್ಮಾನಿಸಬೇಕು. ಅದು ಅಳಿದರೆ ಹೆಸರು ಉಳಿಯುತ್ತದೆ, ದೇಹವಿಲ್ಲದ ನೆರಳಿನಂತೆ...

ಉತ್ತರದ ಕಿಟಕಿಯ ಬಳಿಯ ಮೇಜಿನ ಒಂದು ಬದಿಗೆ ಚಿತ್ರಗಾರ್ತಿ ಕೂರುತ್ತಿದ್ದಳು. ಎದುರು ಬದಿಗೆ, ಎಲ್ಲರೂ ‘ದುಂಬಿ ಸಾರ್’ ಎಂದೇ ಕರೆಯುತ್ತಿದ್ದ ಜೀರುಂಡೆಗಳ ಪಂಡಿತ. ಅವನು ಸೂಕ್ಷ್ಮದರ್ಶಕದಲ್ಲಿ ನೋಡುವನು, ಅಳೆಯುವನು, ವರ್ಣಿಸಿ ಬರೆಯುವನು. ಅವಳು ಅದನ್ನೇ ಮಸಿಯ ಚುಕ್ಕೆಗಳಲ್ಲಿ ಕಾಗದಕ್ಕೆ ಇಳಿಸುವಳು. ವರ್ಷಗಳು ಹೀಗೆಯೇ ಉರುಳಿದ್ದವು. ಇಬ್ಬರ ಕೂದಲಲ್ಲೂ ಮೊದಲ ಬೆಳ್ಳಿಯೆಳೆ ಮೂಡಿತ್ತು; ಇಬ್ಬರ ತುಟಿಯ ಮೇಲೂ ಒಂದೇ ಮಾತು ಮೂಡಲಾರದೆ ನಿಂತಿತ್ತು. ಅವನು ಅವಳನ್ನು ಹೆಸರು ಹಿಡಿದು ಕರೆದವನೇ ಅಲ್ಲ. ‘ನೋಡಿ’, ‘ಇವರೇ’... ಅಷ್ಟೇ. ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತ ನಗುತ್ತಿದ್ದಳು: “ಆ ಮನುಷ್ಯ ನಿನ್ನ ಕಡೆ ನೋಡ್ಬೇಕಂದ್ರೆ ನಿಂಗಿನ್ನೂ ನಾಲ್ಕು ಕಾಲು ಬರ್ಬೇಕು ಕಣೇ!” ಅವಳೂ ನಗುತ್ತಿದ್ದಳು, ನಕ್ಕು ಮುಗಿದ ಮೇಲೆ ಎದೆಯಲ್ಲೊಂದು ಕಿಟಕಿ ತಾನಾಗಿಯೇ ಮುಚ್ಚಿಕೊಂಡಂತಾಗುತ್ತಿತ್ತು.

ಆ ಮಂಕು ಹಗಲಿನಲ್ಲಿ ಅವನು ಸೂಕ್ಷ್ಮದರ್ಶಕವನ್ನು ಅವಳ ಕಡೆಗೆ ಸರಿಸಿದ.

“ಸ್ವಲ್ಪ ಇದನ್ನ ನೋಡಿ.”

ಅವಳು ಬಾಗಿದಳು. ಎಳ್ಳುಕಾಳಿನಷ್ಟು ಗಾತ್ರದ ಜೀರುಂಡೆ! ಕಡುಗಂದು ಬೆನ್ನಿನ ಮೇಲೆ, ಕಾರ್ಮೋಡವನ್ನು ಸೀಳಿದ ಮಿಂಚಿನಂತೆ, ಹೊನ್ನಿನ ರೋಮಗಳ ವಕ್ರರೇಖೆ. ಅಷ್ಟು ಪುಟ್ಟ ದೇಹಕ್ಕೆ ಅಷ್ಟು ಅಲಂಕಾರವೇ ಎಂದು ಅವಳ ಉಸಿರು ಒಂದು ಕ್ಷಣ ನಿಂತಿತು.

“ಯಾವುದಿದು?”

“ಇದಕ್ಕೆ ಹೆಸರಿಲ್ಲ. ಇರೋ ಪುಸ್ತಕ ಎಲ್ಲ ತಿರುವಿ ಹಾಕಿದೆ. ಕುಡಿಮೀಸೆ ತುದೀಲಿ ಮೂರು ಗಂಟು ಇರ್ಬೇಕು, ಎರಡೇ ಇದೆ. ಇದುವರೆಗೆ ಯಾರೂ ಇದನ್ನ ಕಂಡಿಲ್ಲ.” ಅವನು ಕನ್ನಡಕ ತೆಗೆದು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ. “ನಿಮ್ಮ ಹೆಸರು ಇಡೋಣ ಅಂತಿದ್ದೀನಿ... ನೀವು ಒಪ್ಪಿದ್ರೆ.”

ಅಹಾ, ಒಣಮರದ ಮೇಲೆ ಅಕಾಲದ ಮೊದಲ ಹನಿ ಬಿದ್ದಾಗ ಬೇರಿನ ತನಕ ಓಡುವ ರೋಮಾಂಚನವನ್ನು ಯಾರು ವರ್ಣಿಸಬಲ್ಲರು! ಹೂವು ಕೊಡಲು, ಕೈ ಹಿಡಿಯಲು ತಿಳಿಯದ ಆ ಮನುಷ್ಯ ತನ್ನಲ್ಲಿದ್ದ ಏಕೈಕ ಕಾಣಿಕೆಯನ್ನು ಅವಳ ಮುಂದಿಟ್ಟಿದ್ದ. ಅವಳ ಕೆನ್ನೆ ಬಿಸಿಯಾಯಿತು. ಅವಳು ಕೇಳಿದಳು:

“ಎಲ್ಲಿ ಸಿಕ್ತು?”

ಕಿಟಕಿಯಾಚೆಯ ಮೋಡ ಇನ್ನಷ್ಟು ಕೆಳಗಿಳಿದಂತೆ ಕಂಡಿತು.

“ಇಲ್ಲೇ. ಹನ್ನೊಂದನೇ ಬೀರೂಲಿ.”

“ಅಂದ್ರೆ... ಇದು ತಿನ್ನೋದು—”

“ಒಣಗಿದ ದೇಹಗಳನ್ನ. ಹೂಂ.”

ಕೋಣೆಯಲ್ಲಿ ಜೀವಂತ ಹುಳು ಕಂಡರೆ ಆ ದಿನವೇ ‘ದೊಡ್ಡ ಮೇಡಂ’ಗೆ, ಎಂದರೆ ಸಂಗ್ರಹಾಲಯದ ಮುಖ್ಯಸ್ಥೆಗೆ ತಿಳಿಸಬೇಕು, ಕೋಣೆ ಮುಚ್ಚಿ ವಿಷದ ಹೊಗೆ ಹಾಕಬೇಕು. ಇದು ಇಬ್ಬರಿಗೂ ಗೊತ್ತಿದ್ದ ನಿಯಮ. ಅವನು ದನಿ ತಗ್ಗಿಸಿದ. “ಈಗ ಹೇಳಿದ್ರೆ ಎಲ್ಲಾ ಸತ್ತು ಪುಡಿಯಾಗುತ್ತೆ. ನನ್ನ ಕೈಲಿರೋದು ಬರೀ ಹೆಣ್ಣುಗಳು. ಗಂಡು ನೋಡದೆ ಇದು ಬೇರೆ ಜಾತಿ ಅಂತ ಖಂಡಿತವಾಗಿ ಹೇಳೋಕಾಗಲ್ಲ. ಒಂದೇ ಒಂದು ಗಂಡು ಸಿಗ್ಲಿ, ನಾನೇ ಹೋಗಿ ಹೇಳ್ತೀನಿ. ಒಂದು ಪೆಟ್ಟಿಗೆ ಬಿಟ್ಟು ಆಚೆ ಹೋಗಿಲ್ಲ ಅದು.”

ಅವಳು ಸುಮ್ಮನಾದಳು. ಆ ಮೌನದೊಳಗೆ ಅರ್ಧ ಭಯವಿತ್ತು. ಇನ್ನರ್ಧ, ಹೇಳಲು ನಾಚಿಕೆಯಾಗುವಂಥ ಸುಖವಿತ್ತು. ತನ್ನ ಹೆಸರು...! 

ಮುಂದಿನ ವಾರಗಳು ಆ ಇಬ್ಬರ ಬಾಳಿನ ಅತ್ಯಂತ ಮಧುರವಾದ, ಅತ್ಯಂತ ಅನಿಷ್ಟವಾದ ವಾರಗಳು. ಅವಳು ಹೆಣ್ಣು ಜೀರುಂಡೆಯ ಹೊನ್ನರೇಖೆಯನ್ನು ಬಿಡಿಸಿದಳು. ರೋಮಗಳ ಕುಚ್ಚು ಹೊತ್ತ ಮರಿಹುಳುವನ್ನು ಬಿಡಿಸಿದಳು. ಅವನು ಅವಳ ಭುಜದಾಚೆಯಿಂದ ನೋಡುತ್ತ ನಿಲ್ಲುತ್ತಿದ್ದ. ಅವನ ಉಸಿರು ಅವಳ ಕಿವಿಯ ಬಳಿ ಸುಳಿಯುತ್ತಿತ್ತು. ಒಂದು ಮಧ್ಯಾಹ್ನ ಅವನು ಬಾಲ್ಯದ ಕಥೆ ಹೇಳಿದ: ಬೆಂಕಿಪೊಟ್ಟಣದಲ್ಲಿ ಹುಳು ಸಾಕಿ ಅಮ್ಮನ ಕೈಲಿ ಏಟು ತಿಂದದ್ದು. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೆ ಆ ನಗು ಅಡಗಿದ ಮೇಲೆ ಕೋಣೆಯ ಮೌನ ಮೊದಲಿನ ಮೌನವಾಗಿರಲಿಲ್ಲ. ಬೀರುಗಳೆಲ್ಲ ಉಸಿರು ಬಿಗಿಹಿಡಿದು ಆಲಿಸುತ್ತಿರುವಂತೆ, ಮುಚ್ಚಿದ ಬಾಗಿಲುಗಳ ಹಿಂದೆ ಏನೋ ಅವಸರವಿಲ್ಲದೆ ತನ್ನ ಕೆಲಸ ಮಾಡುತ್ತಿರುವಂತೆ ಅವಳಿಗೆ ತೋರುತ್ತಿತ್ತು. ಹನ್ನೆರಡನೆಯ ಬೀರುವಿನಲ್ಲಿ ಒಂದು ನೀಲಿ ಚಿಟ್ಟೆಯ ರೆಕ್ಕೆಗಳು ಉದುರಿದ ದಳಗಳಂತೆ ಬಿದ್ದಿದ್ದವು. “ಹಳೇದು, ತಾನಾಗೇ ಮುರಿದಿರ್ಬೇಕು,” ಎಂದ ಅವನು. ಅವನ ಕಣ್ಣು ಅವಳ ಕಣ್ಣನ್ನು ಸೇರಲಿಲ್ಲ. ಅವಳು ನಂಬಿದಳೇ? ಇಲ್ಲ. ನಂಬಲು ಒಪ್ಪಿದಳು, ಅಷ್ಟೇ.

ಒಂದು ಬೆಳಿಗ್ಗೆ ಬೇರೊಂದು ಚಿತ್ರದ ಕೆಲಸಕ್ಕಾಗಿ ಅವಳು ಕೋಣೆಯ ಕೊನೆಯ ಬೀರುವನ್ನು ತೆರೆದಳು. ಅಲ್ಲೊಂದು ಪತಂಗವಿತ್ತು. ಬೂದಿಬಿಳುಪಿನ ರೆಕ್ಕೆಗಳ ನಡುವೆ ಚಂದ್ರಬಿಂಬದಂಥ ಪಾರದರ್ಶಕ ವೃತ್ತಗಳಿದ್ದ, ಸುಟ್ಟು ಬರಿದಾದ ಯಾವುದೋ ದ್ವೀಪದ ಕಾಡಿನಿಂದ ಬಹುಕಾಲದ ಹಿಂದೆ ಬಂದಿದ್ದ ಪತಂಗ. ಅದರ ಜಾತಿಯದೆಂದು ಲೋಕದಲ್ಲಿ ಉಳಿದಿದ್ದ ದೇಹ ಅದೊಂದೇ. ಈ ಕೆಲಸಕ್ಕೆ ಸೇರಿದಾಗ ಅವಳು ಮೊಟ್ಟಮೊದಲು ಬಿಡಿಸಿದ್ದೂ ಅದನ್ನೇ.

ಪೆಟ್ಟಿಗೆಯಲ್ಲಿ ಸೂಜಿ ನೆಟ್ಟಗೆ ನಿಂತಿತ್ತು. ಕೆಂಪು ಅಂಚಿನ ಚೀಟಿ ಅದರ ಕೆಳಗಿತ್ತು. ನಡುವೆ ಏನೂ ಇರಲಿಲ್ಲ! ಕೆಳಗೆ ಮಾತ್ರ, ಜರಡಿ ಹಿಡಿದ ಹಿಟ್ಟಿನಂಥ ನುಣ್ಣನೆಯ ಕಂದುಧೂಳು... ಆ ಧೂಳಿನಲ್ಲಿ ಒಂದು ಕಣ ಚಲಿಸಿತು.

ಅವಳು ಅದನ್ನು ಕುಂಚದ ತುದಿಯಿಂದ ಎತ್ತಿ ಮಸೂರದ ಕೆಳಗೆ ಹಿಡಿದಳು. ಹೊನ್ನಿನ ವಕ್ರರೇಖೆ. ಆದರೆ ಕುಡಿಮೀಸೆಯ ತುದಿ ಹೆಣ್ಣಿನದಕ್ಕಿಂತ ಎರಡರಷ್ಟು ನೀಳ. ಗಂಡು! ಇಷ್ಟು ದಿನ ಅವನು ತಪಸ್ಸಿನಂತೆ ಕಾದಿದ್ದ ಗಂಡು, ಒಂದು ವಂಶದ ಕಟ್ಟಕಡೆಯ ದೇಹವನ್ನು ಉಂಡು, ತೃಪ್ತವಾಗಿ, ನಿರ್ದೋಷಿಯಾಗಿ, ಅವಳ ಕುಂಚದ ಮೇಲೆ ಕೂತಿತ್ತು.

ಅವಳು ಅದನ್ನು ಸೀಸೆಗೆ ಹಾಕಿ ಮುಚ್ಚಳ ತಿರುಗಿಸಿದಳು. ನಡೆದು ದೊಡ್ಡ ಮೇಡಂ ಅವರ ಕೋಣೆಗೆ ಹೋದಳು. ಅವರು ಕಾಗದಗಳಿಂದ ತಲೆಯೆತ್ತಿದರು.

“ಮೇಡಂ, ಮೇಲಿನ ಕೋಣೇಲಿ ಹುಳ ಬಿದ್ದಿದೆ. ಬಹಳ ದಿನ ಆಯ್ತು. ನನಗೆ ಗೊತ್ತಿತ್ತು.”

“ನಿಮಗೊಬ್ಬರಿಗೇನಾ?”

ಅವಳು ತಲೆ ತಗ್ಗಿಸಿದಳು. ಮೇಡಂ ಮತ್ತೆ ಕೇಳಲಿಲ್ಲ, ಫೋನ್ ಎತ್ತಿಕೊಂಡರು.

ಮೇಲೆ ಬಂದು ಅವಳು ಸೀಸೆಯನ್ನು ಅವನ ಮುಂದಿಟ್ಟಳು. ಅವನ ಮುಖ ಅರಳಿತು. ದೀಪ ಹಚ್ಚಿದಂತೆ ಅರಳಿತು! ಅವಳೆಂದಳು: “ಎಲ್ಲಿ ಸಿಕ್ತು ಅಂತ ಕೇಳಿ.” ಅವನು ಕೇಳಲಿಲ್ಲ. ಎದ್ದು, ತೆರೆದೇ ಇದ್ದ ಕೊನೆಯ ಬೀರುವಿನ ಬಳಿ ಹೋಗಿ, ಬರಿಯ ಸೂಜಿಯನ್ನು ನೋಡುತ್ತ ನಿಂತ. ಅವನ ಹೆಗಲುಗಳು ಮುದುಕನ ಹೆಗಲುಗಳಂತೆ ಇಳಿಬಿದ್ದವು. ಆಮೇಲೆ ಕೆಳಗಿಳಿದು, ದೊಡ್ಡ ಮೇಡಂ ಮುಂದೆ ತಪ್ಪೆಲ್ಲ ತನ್ನದೇ ಎಂದು ಒಪ್ಪಿಕೊಂಡ.

ಮರುದಿನ ಕೆಲಸದವರು ಕಿಟಕಿಗಳ ಸಂದುಗಳಿಗೆ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಅವನು ಹೊರಗಿನ ಮೊಗಸಾಲೆಯಲ್ಲಿ, ಕೋಟಿನ ಜೇಬಿನಲ್ಲಿ ಕೈಯಿಟ್ಟು, ಗೋಡೆಗೊರಗಿ ನಿಂತಿದ್ದ. ಜೇಬಿನೊಳಗಿನ ಆ ಕೈ ಏನನ್ನೋ ಹಕ್ಕಿಮರಿಯನ್ನು ಹಿಡಿದಂತೆ ಹಿಡಿದಿರುವುದು ಅವಳಿಗೆ ಕಂಡಿತು.

“ಜೇಬಲ್ಲೇನಿದೆ?”

ಅವನು ಹೊರತೆಗೆದ. ಗಾಜಿನ ಕುಪ್ಪಿ, ಒಳಗೆ ಒಂದಷ್ಟು ಮರಿಹುಳುಗಳು, ಹೊನ್ನರೇಖೆಯ ಜೋಡಿಯೊಂದು.

“ಇವು ಸತ್ರೆ ಭೂಮಿ ಮೇಲೆ ಇನ್ನೊಂದಿದೆಯೋ ಇಲ್ವೋ... ಯಾರಿಗ್ಗೊತ್ತು? ಹೆಸರಿಡೋಕೆ ಮುಂಚೇನೇ ಮುಗಿಸಿಬಿಡೋದಾ?” ಅವನು ಕುಪ್ಪಿಯನ್ನು ಅವಳತ್ತ ಚಾಚಿದ. “ಇದು ನಿಮ್ಮ ಹೆಸರಿನದು.”

“ನನ್ನ ಹೆಸರು ಅದಕ್ಕೆ ಬೇಡ,” ಎಂದಳು ಅವಳು. “ನೀವು ಒಂದ್ಸಲ ಬಾಯ್ತುಂಬ ಕರೆದಿದ್ರೆ ಸಾಕಿತ್ತು.”

ಹೊರಗೆ, ಅಷ್ಟು ದಿನ ತಡೆದು ನಿಂತಿದ್ದ ಮಳೆ ದಪ್ಪ ಹನಿಗಳಲ್ಲಿ ಬೀಳತೊಡಗಿತು. ಅವನು ಅವಳನ್ನು ನೋಡಿದ. ತೀರ ಹತ್ತಿರದಿಂದ, ಯಾವ ಮಸೂರವೂ ಇಲ್ಲದೆ. ಆಮೇಲೆ ಅವಳ ಹೆಸರನ್ನು ಉಚ್ಚರಿಸಿದ, ಮೆಲ್ಲಗೆ, ಒಂದೇ ಒಂದು ಸಲ... ಒಳಗೆ ಹೋಗಿ ಕುಪ್ಪಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟು ಹೊರಬಂದು, ಬಾಗಿಲನ್ನು ತಾನೇ ಎಳೆದುಕೊಂಡ.

ಕೋಣೆ ಮತ್ತೆ ತೆರೆದಾಗ ಹುಳುಗಳೆಲ್ಲ ಸತ್ತಿದ್ದವು. ಕೆಂಪು ಅಂಚಿನ ಚೀಟಿಗಳಲ್ಲಿ ಏಳು ಅನಾಥವಾಗಿದ್ದವು. ಕೋಣೆಯ ಬೀಗದ ಕೈಯನ್ನು ಅವನಿಂದ ಹಿಂತೆಗೆದುಕೊಳ್ಳಲಾಯಿತು. ವರ್ಣನೆಯನ್ನು ಮುಗಿಸಲು ಮಾತ್ರ ದೊಡ್ಡ ಮೇಡಂ ಅನುಮತಿಯಿತ್ತರು: “ಇಷ್ಟೆಲ್ಲ ತಿಂದು ಸತ್ತಿದೆ. ಒಂದು ಹೆಸರಾದ್ರೂ ಇರ್ಲಿ.” ಅವನು ಪ್ರಾಚೀನ ಭಾಷೆಯೊಂದರಿಂದ ‘ಮೌನ’ ಎಂಬರ್ಥದ ಪದವನ್ನು ಆರಿಸಿದ. ಏಕೆಂದು ಯಾರೂ ಕೇಳಲಿಲ್ಲ. ಅವಳೊಬ್ಬಳಿಗೆ ಕೇಳುವ ಅಗತ್ಯವಿರಲಿಲ್ಲ.

ಚಳಿಗಾಲದ ಒಂದು ಸಂಜೆ ಅವನು ಅವಳ ಮನೆಯ ಬಾಗಿಲು ತಟ್ಟಿದ. ಬಾಗಿಲು ತೆರೆದ ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬನ್ನಿ, ಬನ್ನಿ. ದಾರಿ ತಪ್ಪಿ ಬರ್ಲಿಲ್ಲ ತಾನೇ?” ಎಂದು ಒಳಗೆ ಸರಿದಳು. ಅವನು ಕುಳಿತುಕೊಳ್ಳದೆಯೇ ಚಿತ್ರಗಾರ್ತಿಯನ್ನು ಕೇಳಿದ:

“ನನ್ನ ಜೊತೆ ಬಾಳೋಕೆ ನಿಮಗೆ ಇಷ್ಟ ಇದೆಯಾ?”

“ನನಗೆ ಭಯ ಇದೆ,” ಎಂದಳು.

“ನನಗೂ.”

“ಹಾಗಾದ್ರೆ ಸರಿ.”

ಮದುವೆಯಾಗಿ ಮೊದಲ ಬೇಸಿಗೆ. ಪ್ರಕಟವಾದ ವರ್ಣನೆ ದೂರದೂರದ ಸಂಗ್ರಹಾಲಯಗಳನ್ನು ತಲುಪಿತ್ತು. ಒಂದು ಮುಂಜಾನೆ, ಅವಳು ಕಿಟಕಿಯ ಪರದೆ ಸರಿಸುತ್ತಿದ್ದಾಗ, ಅವನ ಫೋನ್ ರಿಂಗಣಿಸಿತು. ಸಾಗರದಾಚೆಯ ಯಾವುದೋ ಸಂಗ್ರಹದ ಪಾಲಕ. ಅವನು ಆಲಿಸಿದ. ಬಳಿಕ ಫೋನನ್ನು ಕೆಳಗಿಟ್ಟ.

“ಅವರ ಪೆಟ್ಟಿಗೆಗಳಲ್ಲೂ ಧೂಳು ಬಿದ್ದಿದೆಯಂತೆ,” ಎಂದ. “ಬೆನ್ನ ಮೇಲೆ ಹೊನ್ನಿನ ಗೆರೆ ಇದೆಯಂತೆ.”

ಅವನ ಮುಖದಲ್ಲಿ ಭಯ ಮೂಡಿತು. ಆದರೆ ಭಯಕ್ಕೂ ಮುನ್ನ, ಮಿಂಚಿನ ಒಂದು ಅರೆಕ್ಷಣ, ಅಲ್ಲಿ ಆನಂದ ಬೆಳಗಿ ಮರೆಯಾದದ್ದನ್ನು ಅವಳು ಕಂಡಳು. ಕಂಡು ಅವಳು ಮುನಿಯಲಿಲ್ಲ, ಏಕೆಂದರೆ ‘ಬದುಕಿದೆ!’ ಎಂದು ಅವಳ ಎದೆಯೂ ಆ ಕ್ಷಣದಲ್ಲೇ ನೆಗೆದಿತ್ತು. ಅವಳು ಹೋಗಿ ಅವನ ಪಕ್ಕದಲ್ಲಿ ಕುಳಿತಳು. “ಫೋನ್ ತಗೊಳ್ಳಿ,” ಎಂದಳು. “ಇವತ್ತೇ ಅವರ ಕೋಣೆ ಮುಚ್ಚೋಕೆ ಹೇಳಿ. ಈಗ್ಲೇ.” ಅವನು ಕೈ ಚಾಚಿದ. ಆ ಕೈ ಅರ್ಧದಾರಿಯಲ್ಲಿ ಒಮ್ಮೆ ನಿಂತಿತು. ಅವಳು ತನ್ನ ಕೈಯನ್ನು ಅದರ ಮೇಲಿಟ್ಟಳು. ಇಬ್ಬರ ಬೆರಳುಗಳೂ ಕೂಡಿ ಆ ಸಂಖ್ಯೆಯನ್ನು ಒತ್ತಿದವು.

ಮಾನವಹೃದಯವೇ, ನಿನ್ನ ಗಹನತೆಯನ್ನು ಅಳೆದವರಾರು! ನಾವು ಪ್ರೀತಿಸುವುದೆಲ್ಲ ಮಂಗಳಕರವೆಂದು ಭ್ರಮಿಸುತ್ತೇವೆ. ನಮ್ಮನ್ನು ಬೆಳಗುವ ಆಸೆಯೇ ಮೂಲೆಯಲ್ಲಿ ಕುಳಿತು ಇನ್ನಾರದೋ ಬಾಳನ್ನು ಸದ್ದಿಲ್ಲದೆ ಸವೆಸುತ್ತಿರಬಹುದೆಂಬುದನ್ನು ಮರೆಯುತ್ತೇವೆ. ಆ ಹಸಿವು ಯಾವ ಎದೆಯಿಂದಲೂ ಪೂರ್ತಿ ಅಳಿಯುವುದಿಲ್ಲ... ಆದರೂ, ಅದು ತಲೆಯೆತ್ತಿದ ಗಳಿಗೆಯಲ್ಲಿ ಅದನ್ನು ಗುರುತಿಸಿ, ನಾಚದೆ ಒಪ್ಪಿಕೊಂಡು, ನಡುಗುವ ಕೈಯ ಮೇಲೆ ಇನ್ನೊಂದು ನಡುಗುವ ಕೈ ಬಂದು ಕೂರುವುದುಂಟಲ್ಲ, ಬಹುಶಃ ಅದನ್ನೇ ಲೋಕ ಅನುರಾಗವೆಂದು ಕರೆಯಬೇಕು.